ಬೀಗ ಅವರದು, ನಷ್ಟ ನಮ್ಮದೇ?

ಹೊಸ ಯಂತ್ರ ಬಂದಾಗಲೆಲ್ಲ ದುಡಿಯುವವನ ಕಿವಿಗೆ ಎರಡು ಮಾತು ಬೀಳುತ್ತವೆ. "ಇದು ನಿನ್ನ ಒಳ್ಳೆಯದಕ್ಕೆ" ಎಂಬುದು ಮೊದಲನೆಯದು. "ಇದು ನಿನಗೆ ತಿಳಿಯುವ ವಿಷಯವಲ್ಲ" ಎಂಬುದು ಎರಡನೆಯದು. ಗಿರಣಿಗೆ ಹೊಸ ಮಗ್ಗ ಬಂದಾಗ ಇದನ್ನೇ ಹೇಳಿದರು. ಅಂಗಡಿಗೆ ಕಾರ್ಡು ಉಜ್ಜುವ ಯಂತ್ರ ಬಂದಾಗಲೂ ಇದನ್ನೇ ಹೇಳಿದರು. ಈಗ ಕ್ವಾಂಟಂ ಕಂಪ್ಯೂಟರಿನ ಹೆಸರಿನಲ್ಲಿ ಮತ್ತೆ ಅದೇ ರಾಗ ಎದ್ದಿದೆ. ಒಳ್ಳೆಯದಕ್ಕೆ ಎನ್ನುವುದನ್ನು ಪರೀಕ್ಷಿಸಿ ಒಪ್ಪೋಣ. ತಿಳಿಯುವುದಿಲ್ಲ ಎನ್ನುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ತನ್ನ ಜೇಬಿನಿಂದ ಹಣ ಹೋಗುವ ದಾರಿ ತಿಳಿಯದಷ್ಟು ದಡ್ಡನಾದ ಕೂಲಿಗಾರ ಈ ನಾಡಿನಲ್ಲಿ ಹುಟ್ಟಿಲ್ಲ.

ಬೆಂಗಳೂರಿನ ಪಶ್ಚಿಮ ಭಾಗದ ಅತ್ತಿಗುಪ್ಪೆಯನ್ನು ನೋಡಿ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೊ ಓಡತೊಡಗಿದ 2015ರ ನವೆಂಬರ್ 16ರಂದು ಅಲ್ಲಿನ ನಿಲ್ದಾಣವೂ ತೆರೆಯಿತು. ಈಗ ಹತ್ತು ವರ್ಷ ದಾಟಿದೆ. ಮೈಸೂರು ರಸ್ತೆಯ ಕಾರಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳು, ವಿಜಯನಗರದ ಅಂಗಡಿಗಾರರು, ಮಾರುಕಟ್ಟೆಯಿಂದ ಸರಕು ಹೊತ್ತು ತರುವವರು, ಎಲ್ಲರೂ ಆ ಗೇಟುಗಳನ್ನು ದಾಟುತ್ತಾರೆ. ದಾಟಲು ಎರಡು ಬಗೆಯ ಕಾರ್ಡುಗಳಿವೆ. ಒಂದು ಮೆಟ್ರೊ ನಿಗಮದ ಸ್ವಂತದ್ದು. ಇನ್ನೊಂದು 2019ರ ಮಾರ್ಚ್ 4ರಂದು ಪ್ರಧಾನಿಗಳು ಅಹಮದಾಬಾದಿನಲ್ಲಿ ಬಿಡುಗಡೆ ಮಾಡಿದ, ದೇಶಕ್ಕೆಲ್ಲ ಒಂದೇ ಎನ್ನುವ ಸಂಚಾರ ಕಾರ್ಡು. ನಮ್ಮ ಮೆಟ್ರೊಕ್ಕೆ ಅದು 2023ರಲ್ಲಿ ಬಂತು. ಬ್ಯಾಂಕು ಕೊಡುವ ಈ ರೂಪೇ ಕಾರ್ಡಿನ ಚಿಪ್ಪಿನೊಳಗೇ ಒಂದಿಷ್ಟು ಹಣ ತುಂಬಿರುತ್ತದೆ. ಗೇಟು ಬ್ಯಾಂಕನ್ನು ಕೇಳದೆ ಅದರಿಂದ ಮುರಿದುಕೊಳ್ಳುತ್ತದೆ. ಬಸ್ಸಿಗೂ ಅಂಗಡಿಗೂ ಇದೇ ನಡೆಯಬೇಕೆಂಬುದು ದಿಲ್ಲಿಯ ಉದ್ದೇಶ. ಆದ್ದರಿಂದ ಇದು ಅತ್ತಿಗುಪ್ಪೆಯ ಮಾತು ಮಾತ್ರವಲ್ಲ, ನಾಳೆ ನಮ್ಮ ಜಿಲ್ಲೆಯ ಬಸ್ ಸ್ಟ್ಯಾಂಡಿನ ಮಾತು.

ಕಾರ್ಡು ಬೇಡ, ಕಾಸು ಕೊಟ್ಟು ಹೋಗುತ್ತೇನೆ ಎನ್ನುವವನಿಗೂ ದಾರಿ ಇಕ್ಕಟ್ಟಾಗುತ್ತಿದೆ. 2025ರ ಫೆಬ್ರವರಿ 9ರಂದು ಮೆಟ್ರೊ ದರ ಏರಿ, ಅತಿ ಹೆಚ್ಚಿನ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಕಾರ್ಡಿನಲ್ಲಿ ಇರಲೇಬೇಕಾದ ಕನಿಷ್ಠ ಹಣವನ್ನೂ 90 ರೂಪಾಯಿಗೆ ಏರಿಸಿದರು. ಕಾರ್ಡಿದ್ದವನಿಗೆ ನೂರಕ್ಕೆ ಐದರ ರಿಯಾಯಿತಿ ಕೊಟ್ಟರು, ಟೋಕನ್ ಕೊಳ್ಳುವವನಿಗೆ ಅದಿಲ್ಲ. ಹೀಗೆ ನಮ್ಮನ್ನು ಕಾರ್ಡಿನ ಕಡೆಗೆ ದೂಡಿದ ಮೇಲೆ, ಆ ಕಾರ್ಡಿನ ಬೀಗ ಎಂಥದು ಎಂದು ಕೇಳುವ ಹಕ್ಕು ನಮಗಿದೆ.

ಬೀಗದ ಲೆಕ್ಕ

ಕಾರ್ಡೆಂದರೆ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಚಿಕ್ಕದೊಂದು ಕಂಪ್ಯೂಟರು. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಗೇಟಿನ ಹತ್ತಿರ ಹಿಡಿದಾಗ ಗೇಟು ಬಿಡುವ ರೇಡಿಯೊ ಅಲೆಯಿಂದಲೇ ಜೀವ ತುಂಬಿಕೊಂಡು, ಅರ್ಧ ಸೆಕೆಂಡಿನೊಳಗೆ ತಾನು ನಕಲಿಯಲ್ಲ ಎಂದು ರುಜುವಾತು ಮಾಡಬೇಕು. ಆ ರುಜುವಾತೇ ಬೀಗ. ಬ್ಯಾಂಕ್ ಪದ್ಧತಿಯ ಕಾರ್ಡುಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು 1977ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆರ್‌ಎಸ್‌ಎ ಎಂಬ ಬೀಗ. ಅದರ ಗುಟ್ಟು ಪ್ರಾಥಮಿಕ ಶಾಲೆಯ ಗುಣಾಕಾರ. 13ನ್ನು 17ರಿಂದ ಗುಣಿಸು ಎಂದರೆ ಹುಡುಗ 221 ಎನ್ನುತ್ತಾನೆ. 221 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ಅವನ ಅಪ್ಪನೂ ತಡಕಾಡುತ್ತಾನೆ. ಸಂಖ್ಯೆ ಆರುನೂರು ಅಂಕೆಗಳಷ್ಟು ಉದ್ದವಾದರೆ ಇಂದಿನ ಯಾವ ಕಂಪ್ಯೂಟರಿಗೂ ಉತ್ತರ ಸಿಕ್ಕುವುದಿಲ್ಲ.

ಕ್ವಾಂಟಂ ಯಂತ್ರವನ್ನು ಕಟ್ಟಿದರೆ ಈ ಒಗಟನ್ನು ಬೇಗ ಬಿಡಿಸಬಹುದೆಂದು 1994ರಲ್ಲಿ ಪೀಟರ್ ಶೋರ್ ಎಂಬ ಅಮೆರಿಕದ ಗಣಿತಜ್ಞರು ತೋರಿಸಿದರು. ಅಷ್ಟು ದೊಡ್ಡ ಯಂತ್ರ ಇನ್ನೂ ಯಾರ ಬಳಿಯೂ ಇಲ್ಲ. ಬೆಂಗಳೂರಿನ ಕ್ಯೂಪಿಎಐ ಕಂಪೆನಿ 2025ರ ಏಪ್ರಿಲಿನಲ್ಲಿ ಹೊರತಂದ ಯಂತ್ರದಲ್ಲಿ 25 ಕ್ಯೂಬಿಟ್ಟುಗಳಿದ್ದವು. ಕ್ಯೂಬಿಟ್ಟೆಂದರೆ ಆ ಯಂತ್ರ ಲೆಕ್ಕ ಹಾಕುವ ಮಣಿ ಎಂದುಕೊಳ್ಳಿ. ಬೀಗ ಒಡೆಯಲು 2 ಕೋಟಿ ಮಣಿ ಬೇಕೆಂದು 2019ರಲ್ಲಿ ಅಂದಾಜು ಮಾಡಿದ್ದರು. 2025ರ ಮೇ ತಿಂಗಳಲ್ಲಿ ಗೂಗಲ್ ಸಂಶೋಧಕರೊಬ್ಬರು 10 ಲಕ್ಷಕ್ಕಿಂತ ಕಡಿಮೆ ಸಾಕೆಂದು ಲೆಕ್ಕ ಕೊಟ್ಟರು. 25ಕ್ಕೂ 10 ಲಕ್ಷಕ್ಕೂ ಅಜಗಜಾಂತರ, ನಿಜ. ಆದರೆ ಆರೇ ವರ್ಷದಲ್ಲಿ ಅಂದಾಜು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದದ್ದೂ ಅಷ್ಟೇ ನಿಜ.

ಇಲ್ಲಿ ಇಬ್ಬರನ್ನು ನಂಬಬಾರದು. ಎಲ್ಲ ಕಾರ್ಡೂ ನಾಳೆಯೇ ಸತ್ತವು, ನಮ್ಮ ಹೊಸ ಸರಕು ಕೊಳ್ಳಿ ಎಂದು ಹೆದರಿಸುವ ವ್ಯಾಪಾರಿ ಮೊದಲನೆಯವನು. ಸಾರಿಗೆ ಸಂಸ್ಥೆಗಳ ಸ್ವಂತ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಬೇರೆ ಬಗೆಯ ಬೀಗವಿರುತ್ತದೆ. ಅಲ್ಲಿ ಕಾರ್ಡಿಗೂ ಗೇಟಿಗೂ ಒಂದೇ ಗುಪ್ತ ಕೀಲಿ. ಆ ಕೀಲಿ ಸಾಕಷ್ಟು ಉದ್ದವಿದ್ದರೆ ಕ್ವಾಂಟಂ ಯಂತ್ರಕ್ಕೂ ಅದು ಸುಲಭದ ತುತ್ತಲ್ಲ. ಇನ್ನು, ಯಂತ್ರ ಬರಲಿ ಆಮೇಲೆ ನೋಡೋಣ ಎಂದು ಕಡತದ ಮೇಲೆ ತಲೆಯಿಟ್ಟು ಮಲಗುವ ಅಧಿಕಾರಿ ಎರಡನೆಯವನು. ಇಂದು ಟೆಂಡರು ಕರೆದು ಕೂಡಿಸುವ ಗೇಟು ಹತ್ತು ಹದಿನೈದು ವರ್ಷ ನಿಲ್ಲಬೇಕಾದದ್ದು. ಬೀಗ ಒಡೆದ ದಿನ ಬೀಗ ಹುಡುಕುವವನು ಮನೆ ಕಾಯುವ ಕೆಲಸಕ್ಕೆ ಲಾಯಕ್ಕಲ್ಲ.

ಹೊಸ ಬೀಗವೂ ತಯಾರಾಗಿದೆ. ಅಮೆರಿಕದ ಮಾನಕ ಸಂಸ್ಥೆ 2016ರಲ್ಲಿ ಜಗತ್ತಿನ ಗಣಿತಜ್ಞರಿಗೆಲ್ಲ ಕರೆ ಕೊಟ್ಟು, ಬಂದ ಬೀಗಗಳನ್ನು ಬಹಿರಂಗವಾಗಿ ಎಂಟು ವರ್ಷ ಪರೀಕ್ಷೆಗೆ ಒಡ್ಡಿ, 2024ರ ಆಗಸ್ಟ್ 13ರಂದು ಮೂರನ್ನು ಪ್ರಕಟಿಸಿತು. ಆದರೆ ಹೊಸ ಬೀಗ ಭಾರದ್ದು. ಹಳೆಯ ಆರ್‌ಎಸ್‌ಎ ರುಜುವಿಗೆ 256 ಅಕ್ಷರದ ಜಾಗ ಸಾಕಾದರೆ, ಆ ಮೂರರಲ್ಲಿ ಹೆಚ್ಚು ಬಳಕೆಗೆಂದು ಗೊತ್ತುಮಾಡಿದ ರುಜುವಿಗೆ ಕಡಿಮೆಯೆಂದರೂ 2,420 ಅಕ್ಷರದ ಜಾಗ ಬೇಕು. ಹಳೆಯ ಚಿಪ್ಪು ಈ ಹೊರೆ ಹೊತ್ತು ಅರ್ಧ ಸೆಕೆಂಡಿನಲ್ಲಿ ಗೇಟು ತೆರೆಸಲಾರದು. ಆದ್ದರಿಂದ ಹೊಸ ಚಿಪ್ಪು ಬೇಕು. ಹೊಸ ಚಿಪ್ಪೆಂದರೆ ಹೊಸ ಕಾರ್ಡು, ಅಂಗಡಿಯಲ್ಲಿ ಹೊಸ ಯಂತ್ರ. ದುಡ್ಡು ಯಾರದು? ಇದೇ ನಮ್ಮ ತಕರಾರಿನ ಬೇರು.

ಒಡೆದ ಬೀಗಗಳ ಪಾಠ

ಕಾರ್ಡಿನ ಬೀಗ ಒಡೆಯಲು ಕ್ವಾಂಟಂ ಯಂತ್ರವೇ ಬರಬೇಕಾಗಿಲ್ಲ ಎಂಬುದಕ್ಕೆ ಎರಡು ದೇಶಗಳು ಸಾಕ್ಷಿ. ನೆದರ್ಲೆಂಡ್ಸಿನಲ್ಲಿ ದೇಶದ ಬಸ್ಸು ರೈಲುಗಳಿಗೆಲ್ಲ ಒಂದೇ ಕಾರ್ಡೆಂದು ತಂದರು. ಅದರ ಚಿಪ್ಪು ಲಂಡನ್ನಿನ ಕಾರ್ಡಿನಲ್ಲಿಯೂ ಇದ್ದ ಮೈಫೇರ್ ಕ್ಲಾಸಿಕ್. ಬೀಗದ ಗಣಿತವನ್ನು ಕಂಪೆನಿ ಗುಟ್ಟಾಗಿಟ್ಟಿತ್ತು. ಗುಟ್ಟೇ ಭದ್ರತೆ ಎಂದು ನಂಬಿಸಿತ್ತು. 2008ರಲ್ಲಿ ರಾಡ್‌ಬೌಡ್ ವಿಶ್ವವಿದ್ಯಾಲಯದ ವಿದ್ವಾಂಸರು ಆ ಬೀಗ ಎಷ್ಟು ಪೊಳ್ಳೆಂದು ತೋರಿಸಿದರು. ಕಂಪೆನಿ ಚಿಪ್ಪನ್ನು ಸರಿಪಡಿಸುವುದಕ್ಕೆ ಮೊದಲು ಕೋರ್ಟಿಗೆ ಓಡಿ, ಲೇಖನ ಅಚ್ಚಾಗಬಾರದೆಂದು ತಡೆ ಕೇಳಿತು. ಆ ವರ್ಷದ ಜುಲೈಯಲ್ಲಿ ನ್ಯಾಯಾಧೀಶರು ತಡೆ ಕೊಡಲಿಲ್ಲ. ನಷ್ಟ ಆಗುವುದು ಲೇಖನದಿಂದಲ್ಲ, ದೋಷವಿರುವ ಚಿಪ್ಪು ಮಾಡಿ ಮಾರಿದ್ದರಿಂದ ಎಂಬುದು ಅವರ ತೀರ್ಪಿನ ತಿರುಳು. ಇದಕ್ಕಿಂತ ನ್ಯಾಯವಾದ ಮಾತು ಬೇಕೆ?

ಎರಡನೆಯದು ಎಸ್ಟೋನಿಯ. ಅಲ್ಲಿ ಜನರ ಗುರುತಿನ ಚೀಟಿಯೇ ಚಿಪ್ಪಿನ ಕಾರ್ಡು. ಅದರ ಚಿಪ್ಪು ಆರ್‌ಎಸ್‌ಎ ಕೀಲಿಯನ್ನು ತಪ್ಪಾಗಿ ಹುಟ್ಟಿಸುತ್ತಿದೆ ಎಂಬುದನ್ನು 2017ರಲ್ಲಿ ಚೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದವರು ಕಂಡುಹಿಡಿದರು. ಆ ನವೆಂಬರಿನಲ್ಲಿ ಸರಕಾರ ಸುಮಾರು ಏಳೂವರೆ ಲಕ್ಷ ಕಾರ್ಡುಗಳ ಕೀಲಿಯನ್ನು ತಡೆಹಿಡಿಯಿತು. ಹದಿಮೂರು ಲಕ್ಷ ಜನರ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ. ಆದರೂ ಜನ ಕಾರ್ಡು ಎಸೆಯಬೇಕಾಗಲಿಲ್ಲ. ಅದೇ ಚಿಪ್ಪಿನಲ್ಲಿ ಇನ್ನೊಂದು ಬಗೆಯ ಬೀಗಕ್ಕೂ ಜಾಗವಿತ್ತು. ಮನೆಯಲ್ಲಿ ಕುಳಿತೇ ಹೊಸ ಕೀಲಿ ಹಾಕಿಕೊಳ್ಳುವಂತೆ ಸರಕಾರ ಏರ್ಪಾಟು ಮಾಡಿತು.

ಹೊಸ ಬೀಗಗಳೂ ದೇವರು ಕೊಟ್ಟ ವರವಲ್ಲ. ಅದೇ ಅಮೆರಿಕದ ಪರೀಕ್ಷೆಯಲ್ಲಿ ಬಹುದೂರ ಬಂದಿದ್ದ ರೇನ್‌ಬೋ ಮತ್ತು ಸೈಕ್ ಎಂಬ ಎರಡು ಬೀಗಗಳು 2022ರಲ್ಲಿ ಸಾಧಾರಣ ಕಂಪ್ಯೂಟರಿಗೇ ಸೋತು ಬಿದ್ದವು. ಬಹಿರಂಗ ಪರೀಕ್ಷೆ ಇದ್ದದ್ದರಿಂದ ಅವು ಜನರ ಜೇಬಿಗೆ ಬರುವ ಮೊದಲೇ ಬಿದ್ದವು. ಇಲ್ಲದಿದ್ದರೆ ಬೀಳುತ್ತಿದ್ದದ್ದು ಬಡವನ ಜೇಬಿನಲ್ಲಿ.

ಕೊಳಗ ಯಾರ ಕೈಯಲ್ಲಿ?

ಈಗ ನಮ್ಮ ದೇಶದ ಕಟ್ಟಳೆಗೆ ಬರೋಣ. ಬ್ಯಾಂಕ್ ಖಾತೆಯಿಂದ ಅನ್ಯರು ಹಣ ಎಗರಿಸಿದರೆ, ತಪ್ಪು ತನ್ನದಲ್ಲದ ಗಿರಾಕಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಅವನಿಗೆ ಹೊಣೆಯಿಲ್ಲ, ತಪ್ಪು ಗಿರಾಕಿಯದೆಂದು ರುಜುವಾತು ಮಾಡಬೇಕಾದ್ದು ಬ್ಯಾಂಕು ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ವಿಧಿಸಿತು. ಒಳ್ಳೆಯ ಕಟ್ಟಳೆ. 2019ರ ಜನವರಿ 4ರಂದು ಬ್ಯಾಂಕಲ್ಲದ ಸಂಸ್ಥೆಗಳು ಕೊಡುವ ಮುಂಗಡ ಹಣದ ಕಾರ್ಡುಗಳಿಗೂ ಇಂಥದೇ ರಕ್ಷಣೆ ಕೊಟ್ಟಿತು. ಆದರೆ ಬಸ್ಸು ರೈಲುಗಳ ಸಂಚಾರ ಕಾರ್ಡನ್ನು ಅದರಿಂದ ಹೊರಗಿಟ್ಟಿತು. ಕೊಟ್ಟ ಸಂಸ್ಥೆಯದೇ ಮೋಸ, ಅಲಕ್ಷ್ಯ ಅಥವಾ ಕೊರತೆ ಇದ್ದರೆ ಮಾತ್ರ ರಕ್ಷಣೆ. 2024ರ ಫೆಬ್ರವರಿ 23ರಂದು ಗುರುತಿನ ಪರಿಶೀಲನೆಯಿಲ್ಲದೆ 3,000 ರೂಪಾಯಿವರೆಗೆ ತುಂಬಬಹುದಾದ ಸಂಚಾರ ಕಾರ್ಡು ಕೊಡಲು ಅಪ್ಪಣೆಯಾಯಿತು. ಅದರಲ್ಲಿಯೂ ಹಾಕಿದ ಹಣವನ್ನು ವಾಪಸು ತೆಗೆಯುವಂತಿಲ್ಲ.

ಸಂಸ್ಥೆಯ ಅಲಕ್ಷ್ಯವನ್ನು ಅತ್ತಿಗುಪ್ಪೆಯ ಹೂವಾಡಗಿತ್ತಿ ಹೇಗೆ ತೋರಿಸಬೇಕು? ಬೀಗದ ವಿವರ ಕಂಪೆನಿಯ ಪೆಟ್ಟಿಗೆಯಲ್ಲಿ. ಗೇಟಿನ ಲೆಕ್ಕ ನಿಗಮದ ಕಂಪ್ಯೂಟರಿನಲ್ಲಿ. ಅವಳ ಕೈಯಲ್ಲಿರುವುದು ಒಂದು ಪ್ಲಾಸ್ಟಿಕ್ ಚೂರು. ಸಾಕ್ಷ್ಯವೆಲ್ಲ ಎದುರಾಳಿಯ ಮನೆಯಲ್ಲಿಟ್ಟು ನ್ಯಾಯ ಕೇಳು ಎಂದರೆ ಅದು ನ್ಯಾಯವಲ್ಲ, ಅಣಕ.

ಈ ಅಣಕ ನಮಗೆ ಹೊಸದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಎದ್ದುನಿಂತದ್ದು ಯಾತಕ್ಕೆ? ಗೇಣಿಯ ಭತ್ತ ಅಳೆಯುವ ಕೊಳಗಕ್ಕೆ. ಕೊಳಗ ಒಡೆಯನದು, ಅದರ ಗಾತ್ರವೂ ಒಡೆಯನ ಇಷ್ಟದ್ದು, ಕಳೆದುಕೊಳ್ಳುವುದು ಮಾತ್ರ ಉತ್ತವನದು. ಸಮಾಜವಾದಿಗಳು ಅಂದು ಅವರ ಜೊತೆ ಜೈಲಿಗೆ ಹೋದರು. ಡಾ. ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಅಳತೆ ಎಲ್ಲರ ಕಣ್ಣೆದುರು ಇರಬೇಕು, ಒಂದೇ ಆಗಿರಬೇಕು ಎಂಬುದೇ ಅಂದಿನ ಬೇಡಿಕೆ. ಇಂದು ಕೊಳಗ ಚಿಪ್ಪಾಗಿದೆ. ಬೇಡಿಕೆ ಬದಲಾಗಿಲ್ಲ.

ಕಾರ್ಡಿನಲ್ಲಿರುವುದು ನೂರಿನ್ನೂರು ರೂಪಾಯಿ, ಅದಕ್ಕೆ ಇಷ್ಟು ರಂಪವೇಕೆ ಎನ್ನುವವರಿದ್ದಾರೆ. ನೂರಿನ್ನೂರು ರೂಪಾಯಿ ಯಾರಿಗೆ ಸಣ್ಣದು? ದಿನಗೂಲಿಯವನಿಗೆ ಅದು ಮನೆಯ ಒಂದು ದಿನದ ಊಟ. ಸಣ್ಣ ವ್ಯಾಪಾರಿಗಳಿಗೂ ಹೇಳುತ್ತೇವೆ, ಇದು ಪ್ರಯಾಣಿಕರ ತಕರಾರು ಎಂದು ಸುಮ್ಮನಿರಬೇಡಿ. ಯಂತ್ರದಲ್ಲಿ ಉಳಿದ ಹಳೆಯ ಲೆಕ್ಕ ವರ್ಷಗಳ ನಂತರ ಎದ್ದು ಬಾಗಿಲು ತಟ್ಟುವ ಬಗೆಯನ್ನು, 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ತೆರಿಗೆ ಇಲಾಖೆಯ ನೋಟೀಸು ಬಂದಾಗ ನೀವು ಕಂಡಿದ್ದೀರಿ. ಬೀಗ ಬದಲಾದಾಗ ಅಂಗಡಿಯ ಯಂತ್ರದ ಬಾಡಿಗೆ ಏರಿಸಿ ಅದನ್ನು ಭದ್ರತೆಯ ವೆಚ್ಚವೆಂದು ಕರೆದರೆ, ಆ ಕಾಸು ನಿಮ್ಮ ಗಲ್ಲದಿಂದಲೇ ಹೋಗಬೇಕು.

ಸರಕಾರದಲ್ಲಿ ಹಣವಿಲ್ಲವೆ? ಕೇಂದ್ರ ಸಂಪುಟ 2023ರ ಏಪ್ರಿಲ್ 19ರಂದು ಕ್ವಾಂಟಂ ಕಾರ್ಯಕ್ಕೆ 6,003 ಕೋಟಿ ರೂಪಾಯಿಗೂ ಮಿಕ್ಕ ಹಣ ಮಂಜೂರು ಮಾಡಿತು. ರಾಜ್ಯ ಸರಕಾರ 2025ರ ಜುಲೈಯಲ್ಲಿ 1,000 ಕೋಟಿಯ ಯೋಜನೆ ಸಾರಿತು. ಹೆಸರಘಟ್ಟದಲ್ಲಿ ಕ್ವಾಂಟಂ ನಗರಕ್ಕೆ ಆರು ಎಕರೆಗೆ ಮಿಕ್ಕಿ ನೆಲವನ್ನೂ ಕೊಟ್ಟಿತು. ವಿಜ್ಞಾನಕ್ಕೆ ಹಣ ಹಾಕುವುದನ್ನು ನಾವು ವಿರೋಧಿಸುವುದಿಲ್ಲ, ಸ್ವಾಗತಿಸುತ್ತೇವೆ. ಬೀಗ ಒಡೆಯುವ ಯಂತ್ರಕ್ಕೆ ಸಾವಿರ ಕೋಟಿ ಹೊಂದುವ ಸರಕಾರಕ್ಕೆ, ಬಡವನ ಬೀಗ ಬದಲಿಸಲು ಹಣವಿಲ್ಲ ಎನ್ನುವ ಮುಖ ಮಾತ್ರ ಇರಬಾರದು.

ನಮ್ಮ ಒತ್ತಾಯ ಇಷ್ಟು:

ಒಂದು, ಬೀಗದ ದೋಷದಿಂದಾಗಲಿ ಬದಲಾವಣೆಯಿಂದಾಗಲಿ ಕಾರ್ಡು ಬದಲಿಸಬೇಕಾದರೆ ಹೊಸ ಕಾರ್ಡು ಪುಕ್ಕಟೆ ಸಿಗಬೇಕು, ಹಳೆಯದರ ಹಣ ಪೈಸೆ ಬಿಡದೆ ಹೊಸದಕ್ಕೆ ಬರಬೇಕು. ಅಂಗಡಿಯ ಯಂತ್ರಕ್ಕೂ ಇದೇ ನಿಯಮ.

ಎರಡು, ಸಂಚಾರ ಕಾರ್ಡಿಗೂ ಬ್ಯಾಂಕ್ ಖಾತೆಯಷ್ಟೇ ರಕ್ಷಣೆ ಬೇಕು, ರುಜುವಾತಿನ ಹೊರೆ ಕಾರ್ಡು ಕೊಟ್ಟವರ ಮೇಲಿರಬೇಕು.

ಮೂರು, ಇನ್ನು ಮುಂದೆ ಕರೆಯುವ ಪ್ರತಿ ಟೆಂಡರಿನಲ್ಲಿ, ಗೇಟು ಒಡೆಯದೆ ಬೀಗ ಬದಲಿಸಬಲ್ಲ ಏರ್ಪಾಟು ಇರಬೇಕು. ಎಸ್ಟೋನಿಯದ ಕಾರ್ಡಿನಂತೆ ಎರಡನೆಯ ಬೀಗಕ್ಕೆ ಚಿಪ್ಪಿನಲ್ಲಿ ಜಾಗವಿರಬೇಕು.

ನಾಲ್ಕು, ಬೀಗದ ಗಣಿತ ಬಹಿರಂಗವಾಗಿರಬೇಕು. ನಮ್ಮ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅದನ್ನು ಪರೀಕ್ಷಿಸಿ ಹೇಳಿದ್ದು ಅಚ್ಚಾಗಬೇಕು. ದೋಷ ತೋರಿಸಿದವನ ಮೇಲೆ ಮೊಕದ್ದಮೆ ಹೂಡಬಾರದು.

ಐದು, ಕಾರ್ಡಿನ ಷರತ್ತುಗಳು ಓದಲು ಬರುವ ಗಾತ್ರದ ಕನ್ನಡದಲ್ಲಿ ಪ್ರತಿ ನಿಲ್ದಾಣದಲ್ಲಿ ತೂಗಬೇಕು. ಟೋಕನ್ನಿನ ಕಿಟಕಿ ಮುಚ್ಚಬಾರದು.

ಇದರಲ್ಲಿ ಒಂದಾದರೂ ಅತಿಯಾದ ಬೇಡಿಕೆಯೇ? ಬೀಗ ಆರಿಸುವವನೇ ಬೀಗಕ್ಕೆ ಜವಾಬು ಹೇಳಲಿ, ಇಷ್ಟೇ ನಮ್ಮ ಮಾತು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ಐದು ಒತ್ತಾಯಗಳನ್ನು ಸಭೆಯಲ್ಲಿ ಓದಿ, ಠರಾವು ಮಾಡಿ, ಮೆಟ್ರೊ ನಿಗಮಕ್ಕೂ ಸಾರಿಗೆ ಸಚಿವರಿಗೂ ರಿಸರ್ವ್ ಬ್ಯಾಂಕಿಗೂ ಕಳಿಸಬೇಕು. ಕ್ವಾಂಟಂ ಯಂತ್ರ ಬರುವುದಕ್ಕೆ ಇನ್ನೂ ಕಾಲವಿದೆ. ಟೆಂಡರಿಗೆ ರುಜು ಬೀಳುವುದಕ್ಕೆ ಅಷ್ಟು ಕಾಲ ಬೇಕಾಗುವುದಿಲ್ಲ.