ಕಿಂಡಿ ಒಂದೇ, ಯೋಗ್ಯತೆ ಬೇರೆ

ಅಮೆರಿಕಕ್ಕೆ ಹೊರಟು ನಿಂತವರ ಸೂಟ್‌ಕೇಸಿನಲ್ಲಿ ಕುಕ್ಕರ್, ಸಾರಿನಪುಡಿ, ಉಪ್ಪಿನಕಾಯಿಗಳ ಜೊತೆಗೆ ಈಚೆಗೆ ಇನ್ನೊಂದು ವಸ್ತು ಜಾಗ ಪಡೆದಿದೆ. ಮಾನಿಟರ್, ಕೀಬೋರ್ಡ್, ಪೆನ್‌ಡ್ರೈವ್, ಚಾರ್ಜರ್ ಎಲ್ಲವನ್ನೂ ಒಂದೇ ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸುವ ಹಬ್ ಅಥವಾ ಡಾಕ್ ಅದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ‘ಎಂಟು ಪೋರ್ಟ್ ಇರುವುದು’ ಒಂದನ್ನು ಕೊಂಡು ಮಗನ ಕೈಗಿತ್ತರೆ, ಅಲ್ಲಿ ಹೋದ ಮೇಲೆ ಡಾಲರುಗಳಲ್ಲಿ ದುಡ್ಡು ಸುರಿಯುವುದು ತಪ್ಪಿತೆಂದು ಮನೆಯವರಿಗೆ ನೆಮ್ಮದಿ. ಈ ನೆಮ್ಮದಿಗೆ ಆಧಾರವಿಲ್ಲವೆಂಬುದು ನನ್ನ ಅಭಿಪ್ರಾಯ. ಯಾವ ಲ್ಯಾಪ್‌ಟಾಪಿಗೆ ಎಂಬುದು ತಿಳಿಯದೆ ಡಾಕ್ ಕೊಳ್ಳುವುದೆಂದರೆ ಕಾಲಿನ ಅಳತೆಯಿಲ್ಲದೆ ಚಪ್ಪಲಿ ಕೊಂಡಂತೆ. ಹೊಸದಾಗಿ ಕೆಲಸಕ್ಕೆ ಸೇರುವವನಿಗೆ ಆ ಲ್ಯಾಪ್‌ಟಾಪ್ ಯಾವುದೆಂದು ತಿಳಿಯುವುದೇ ಕಂಪನಿ ಅದನ್ನು ಕೈಗಿತ್ತ ದಿನ.

ಅಟ್ಲಾಂಟಾದ ಈಶಾನ್ಯಕ್ಕಿರುವ ನಾರ್‌ಕ್ರಾಸ್‌ನ ಸುತ್ತಮುತ್ತ, ಜಿಮ್ಮಿ ಕಾರ್ಟರ್ ಬುಲೆವಾರ್ಡ್‌ನ ಆಚೀಚೆ ಇರುವ ಅಪಾರ್ಟ್‌ಮೆಂಟುಗಳಲ್ಲಿ ನಮ್ಮವರ ಎಷ್ಟೋ ಸಂಸಾರಗಳಿಗೆ ಊಟದ ಮೇಜೇ ಕಚೇರಿಯಾಗಿದೆ. ಗಂಡನಿಗೆ ಕಂಪನಿ ಕೊಟ್ಟದ್ದು ವಿಂಡೋಸ್ ಯಂತ್ರ, ಹೆಂಡತಿಗೆ ಕೊಟ್ಟದ್ದು ಮ್ಯಾಕ್‌ಬುಕ್. ಮಾನಿಟರ್ ಎರಡು, ಡಾಕ್ ಒಂದು. ಬೆಳಿಗ್ಗೆ ಇವರು, ಮಧ್ಯಾಹ್ನ ಅವರು. ಇಂತಹ ಮನೆಯಲ್ಲಿ ಡಾಕ್ ಕೈಕೊಟ್ಟರೆ ನಿಲ್ಲುವುದು ಇಬ್ಬರ ಅನ್ನದ ಕೆಲಸ. ಆದ್ದರಿಂದ ಇದನ್ನು ಚಿಲ್ಲರೆ ಸಾಮಾನೆಂದು ತಳ್ಳಿಹಾಕಲಾಗದು.

ತೊಡಕಿನ ಮೂಲ ಯುಎಸ್‌ಬಿ-ಸಿ ಎಂಬ ಆ ಅಂಡಾಕಾರದ ಕಿಂಡಿ. 2014ರಲ್ಲಿ ಅದರ ವಿವರಣೆ ಪ್ರಕಟವಾದಾಗ, ತಲೆಕೆಳಗಾಗಿ ಸಿಕ್ಕಿಸಿದರೂ ಹೊಂದುವ 24 ಪಿನ್ನುಗಳ ಒಂದೇ ಕಿಂಡಿಯಿಂದ ಎಲ್ಲ ಕೆಲಸವೂ ಆಗುವುದೆಂಬ ಭರವಸೆಯಿತ್ತು. ಆಕಾರವೇನೋ ಒಂದೇ ಆಯಿತು. ಸಾಮರ್ಥ್ಯ ಮಾತ್ರ ಒಂದಾಗಲಿಲ್ಲ. ಒಂದು ಲ್ಯಾಪ್‌ಟಾಪಿನಲ್ಲಿ ಅದು ಕೇವಲ ದತ್ತಾಂಶ ಸಾಗಿಸುತ್ತದೆ. ಇನ್ನೊಂದರಲ್ಲಿ ಚಾರ್ಜೂ ಮಾಡುತ್ತದೆ. ಮತ್ತೊಂದರಲ್ಲಿ ಮಾನಿಟರಿಗೆ ಚಿತ್ರವನ್ನೂ ಕಳುಹಿಸುತ್ತದೆ. ಥಂಡರ್‌ಬೋಲ್ಟ್ ಇರುವ ಯಂತ್ರದಲ್ಲಾದರೆ ಸೆಕೆಂಡಿಗೆ 40 ಗಿಗಾಬಿಟ್ ವೇಗದಲ್ಲಿ ಇವೆಲ್ಲವನ್ನೂ ಒಟ್ಟಿಗೆ ಮಾಡುತ್ತದೆ. ಹೊರಗಿನಿಂದ ನೋಡಿದರೆ ಮಿಂಚಿನ ಗುರುತೋ, ಡಿ ಆಕಾರದ ಡಿಸ್‌ಪ್ಲೇಪೋರ್ಟ್ ಗುರುತೋ ಇದ್ದರೆ ಇದ್ದೀತು. ಎಷ್ಟೋ ತಯಾರಕರು ಅದನ್ನೂ ಮುದ್ರಿಸುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಈ ಕಿಂಡಿಯ ವಿಷಯದಲ್ಲಿ ಅಕ್ಷರಶಃ ಸತ್ಯ.

ಹೆಸರು ಒಂದು, ಒಳಗಿನ ಹುರುಳು ಇನ್ನೊಂದು ಎಂಬ ಈ ಗೊಂದಲ ನಾರ್‌ಕ್ರಾಸ್‌ಗೆ ಹೊಸದೇನಲ್ಲ. ಕಂಪ್ಯೂಟರನ್ನು ಟೆಲಿಫೋನ್ ತಂತಿಗೆ ಜೋಡಿಸಿ ಜಗತ್ತಿನೊಡನೆ ಮಾತನಾಡಿಸಿದ ಹೇಯ್ಸ್ ಮೈಕ್ರೋಕಂಪ್ಯೂಟರ್ ಪ್ರಾಡಕ್ಟ್ಸ್ ಸಂಸ್ಥೆಯ ನೆಲೆ ಇದೇ ಊರು. ಡೆನ್ನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಎಂಬಿಬ್ಬರು ಕಟ್ಟಿದ ಆ ಸಂಸ್ಥೆ 1981ರಲ್ಲಿ ಸ್ಮಾರ್ಟ್‌ಮೋಡೆಮ್ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಅದರ ವೇಗ ಸೆಕೆಂಡಿಗೆ 300 ಬಿಟ್. ‘ಗಮನಿಸು’ ಎಂಬರ್ಥದ ಇಂಗ್ಲಿಷ್ ಪದದಿಂದ ಬಂದ ಎ-ಟಿ ಎಂಬೆರಡು ಅಕ್ಷರಗಳಿಂದ ಶುರುವಾಗುವ ಅದರ ಆಜ್ಞೆಗಳು ಎಷ್ಟು ಬೇರೂರಿದವೆಂದರೆ, ಇಂದಿನ ಮೊಬೈಲ್ ಮೋಡೆಮ್‌ಗಳೊಳಗೂ ಅವುಗಳ ಸಂತತಿ ಉಳಿದಿದೆ. ಬೇರೆ ತಯಾರಕರೆಲ್ಲ ತಮ್ಮ ಡಬ್ಬಿಗಳ ಮೇಲೆ ‘ಹೇಯ್ಸ್ ಕಂಪ್ಯಾಟಿಬಲ್’ ಎಂದು ಅಚ್ಚು ಹಾಕತೊಡಗಿದರು.

ಆದರೆ ಒಂದು ಸೂಕ್ಷ್ಮವಿತ್ತು. ಮಾತಿನ ನಡುವೆ ಮೋಡೆಮ್‌ಗೆ ಆಜ್ಞೆ ಕೊಡಬೇಕಾದರೆ ಮೂರು ಕೂಡು ಚಿಹ್ನೆಗಳನ್ನು ಕಳುಹಿಸಬೇಕು. ಅದರ ಹಿಂದೆ ಮುಂದೆ ಸುಮಾರು ಒಂದೊಂದು ಸೆಕೆಂಡ್ ಮೌನವಿರಬೇಕು. ಕಳುಹಿಸುತ್ತಿರುವ ಕಡತದೊಳಗೇ ಆ ಚಿಹ್ನೆಗಳು ಬಂದರೂ ಮೋಡೆಮ್ ಮೋಸಹೋಗದಿರಲೆಂದೇ ಆ ಮೌನ. ಅದಕ್ಕೆ ಹೇಯ್ಸ್ ಪೇಟೆಂಟ್ ಪಡೆದಿತ್ತು. ಪೇಟೆಂಟಿಗೆ ಹಣ ತೆರಲೊಲ್ಲದ ಕೆಲವರು ಮೌನವನ್ನು ಕೈಬಿಟ್ಟರು. ಡಬ್ಬಿಯ ಮೇಲೆ ಅದೇ ‘ಕಂಪ್ಯಾಟಿಬಲ್’. ಒಳಗೆ ಮಾತ್ರ ತಪ್ಪು ಗಳಿಗೆಯಲ್ಲಿ ಮಾತು ಮರೆಯಬಲ್ಲ ಯಂತ್ರ. ಹೇಯ್ಸ್ ಸಂಸ್ಥೆ 1999ರಲ್ಲಿ ಕಣ್ಣುಮುಚ್ಚಿತು. ಡಬ್ಬಿಯ ಮೇಲಿನ ಆ ಮಾತಿನ ಚಾಳಿ ಕಣ್ಣುಮುಚ್ಚಿಲ್ಲ.

ಅದು ದುಬಾರಿಯಾಗಿ ಪರಿಣಮಿಸಿದ ನಿದರ್ಶನವೂ ಇದೆ. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲಿಯಂಗ್ ಆನ್‌ಲೈನಿನಲ್ಲಿ ಮಾರಾಟವಾಗುತ್ತಿದ್ದ ಯುಎಸ್‌ಬಿ-ಸಿ ಕೇಬಲ್‌ಗಳನ್ನು ಒಂದೊಂದಾಗಿ ತರಿಸಿ ಪರೀಕ್ಷಿಸುತ್ತಿದ್ದರು. 2016ರ ಆರಂಭದಲ್ಲಿ, ಒಳಗೆ ತಪ್ಪಾಗಿ ತಂತಿ ಜೋಡಿಸಿದ್ದ ಒಂದು ಅಗ್ಗದ ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಅದೇ ವರ್ಷ ಅಮೆಜಾನ್, ಮಾನದಂಡಕ್ಕೆ ಒಪ್ಪದ ಯುಎಸ್‌ಬಿ-ಸಿ ಕೇಬಲ್‌ಗಳನ್ನು ನಿಷೇಧಿತ ಸರಕುಗಳ ಪಟ್ಟಿಗೆ ಸೇರಿಸಿತು. ಹೆಸರು ಕೇಳದ ತಯಾರಕನ ಡಾಕಿಗೆ ಕಂಪನಿಯ ಲ್ಯಾಪ್‌ಟಾಪನ್ನು ಒಡ್ಡುವ ಮುನ್ನ ಇದು ನೆನಪಿರಲಿ. ಕೆಟ್ಟರೆ ಉತ್ತರ ಹೇಳಬೇಕಾದವರು ನೀವು.

ಹಾಗಾದರೆ ಕೊಳ್ಳುವುದು ಹೇಗೆ? ಪೋರ್ಟುಗಳನ್ನು ಎಣಿಸುವುದನ್ನು ಮೊದಲು ಬಿಡಬೇಕು. ‘ಹನ್ನೊಂದರಲ್ಲಿ ಒಂದು’ ಎಂಬ ಜಾಹೀರಾತಿನ ಹನ್ನೊಂದರಲ್ಲಿ ನೀವು ದಿನವೂ ಬಳಸುವುದು ನಾಲ್ಕೋ ಐದೋ. ಕೇಳಬೇಕಾದ ಮೊದಲ ಪ್ರಶ್ನೆ ಮಾನಿಟರಿನದು, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಅಲ್ಲೇ. ಒಂದು ಮಾನಿಟರ್ ಸಾಕೆನ್ನುವವರಿಗೆ ಸಾಧಾರಣ ಹಬ್ ಸಾಕು. ಆದರೆ 4ಕೆ ಮಾನಿಟರ್ ಇದ್ದರೆ ‘4ಕೆ’ ಎಂಬಷ್ಟನ್ನೇ ಓದಿ ನಿಲ್ಲಬೇಡಿ, ಪಕ್ಕದಲ್ಲಿ 30 ಹರ್ಟ್ಸ್ ಎಂದಿದೆಯೋ 60 ಎಂದಿದೆಯೋ ನೋಡಿ. ಅಗ್ಗದ ಹಬ್‌ಗಳಲ್ಲಿ ಬಹುಪಾಲು 30. ಮೌಸಿನ ಬಾಣ ಎಣ್ಣೆಯಲ್ಲಿ ಈಜಿದಂತೆ ಎಳೆದಾಡುತ್ತದೆ. ಎಂಟು ಗಂಟೆ ಅದನ್ನು ನೋಡಿದ ಕಣ್ಣು ಸಂಜೆಗೆ ಸೋಲುತ್ತದೆ.

ಎರಡು ಮಾನಿಟರ್ ಬೇಕೆಂದರೆ ವಿಚಾರ ಇನ್ನಷ್ಟು ಜಟಿಲ. ಒಂದು ಕಿಂಡಿಯಿಂದ ಬರುವ ಚಿತ್ರವನ್ನು ಎರಡಾಗಿ ಸೀಳುವ ಎಂಎಸ್‌ಟಿ ಎಂಬ ವಿಧಾನವನ್ನು ಬಹುತೇಕ ಯುಎಸ್‌ಬಿ-ಸಿ ಡಾಕ್‌ಗಳು ಬಳಸುತ್ತವೆ. ಚಿತ್ರ ಕಳುಹಿಸಬಲ್ಲ ಕಿಂಡಿಯಿರುವ ವಿಂಡೋಸ್ ಯಂತ್ರದಲ್ಲಿ ಅದು ಸೊಗಸಾಗಿ ನಡೆಯುತ್ತದೆ. ಮ್ಯಾಕ್ ಈ ವಿಧಾನವನ್ನು ಹಾಗೆ ಬಳಸುವುದಿಲ್ಲ: ಎರಡು ಮಾನಿಟರಿನಲ್ಲೂ ಒಂದೇ ಚಿತ್ರ. ಮೇಲೆ ಹೇಳಿದ ಊಟದ ಮೇಜಿನ ಸಂಸಾರದಲ್ಲಿ ಗಂಡನಿಗೆ ಸರಿಹೋದ ಡಾಕ್ ಹೆಂಡತಿಗೆ ಸರಿಹೋಗದಿರಲು ಇದೇ ಕಾರಣ. ಡಾಕ್ ಕೆಟ್ಟಿದೆಯೆಂದು ಹಿಂತಿರುಗಿಸಿ ಅದೇ ಜಾತಿಯದನ್ನು ಮತ್ತೆ ತಂದರೆ ಫಲವಿಲ್ಲ. ಇನ್ನು ಎಂ1, ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್‌ಗಳು ಸಹಜವಾಗಿ ನಡೆಸುವುದೇ ಒಂದು ಹೊರ ಮಾನಿಟರನ್ನು. ಎಂ3 ಏರ್ ಮುಚ್ಚಳ ಮುಚ್ಚಿದರೆ ಎರಡನ್ನು. 2025ರ ಎಂ4 ಏರ್ ಮುಚ್ಚಳ ತೆರೆದೇ ಎರಡನ್ನು ನಡೆಸುತ್ತದೆ. ಎಷ್ಟೇ ದುಬಾರಿ ಡಾಕ್ ತಂದರೂ ಯಂತ್ರದ ಈ ಮಿತಿಯನ್ನು ಅದು ತಾನಾಗಿ ದಾಟಿಸಲಾರದು.

ದಾಟಿಸುವ ಒಂದು ಬಳಸುದಾರಿ ಇದೆ, ಡಿಸ್‌ಪ್ಲೇಲಿಂಕ್ ಎಂಬ ತಂತ್ರಜ್ಞಾನ. ಚಿತ್ರವನ್ನು ಸಾಮಾನ್ಯ ದತ್ತಾಂಶದಂತೆ ಕುಗ್ಗಿಸಿ ಯುಎಸ್‌ಬಿ ಮೂಲಕ ಕಳುಹಿಸುತ್ತದೆ. ಕಚೇರಿ ಕೆಲಸಕ್ಕೆ ಸಾಕು. ಆದರೆ ಅದಕ್ಕೆ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಹಾಕಬೇಕು, ಮ್ಯಾಕ್‌ನಲ್ಲಿ ಪರದೆಯನ್ನು ದಾಖಲಿಸುವ ಅನುಮತಿಯನ್ನೂ ಕೊಡಬೇಕು. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಗುತ್ತಿಗೆಗಳಿಗೆ ದುಡಿಯುವವರ ಯಂತ್ರಗಳಲ್ಲಿ ಅಂತಹ ಅನುಮತಿ ಉದ್ಯೋಗಿಯ ಕೈಯಲ್ಲಿರುವುದು ವಿರಳ. ಆದ್ದರಿಂದ ಕಂಪನಿಯ ಐಟಿ ವಿಭಾಗಕ್ಕೆ ಒಂದು ಮಿಂಚಂಚೆ ಬರೆದು, ಅವರು ಒಪ್ಪಿದ ಡಾಕ್‌ಗಳ ಪಟ್ಟಿ ಕೇಳಿ ಕೊಳ್ಳುವುದು ಮೇಲು. ಕೇಳಿದರೆ ಅವರೇ ಒಂದನ್ನು ಕಳುಹಿಸುವುದೂ ಉಂಟು! ನಮ್ಮವರಿಗೆ ಕೇಳುವ ಸಂಕೋಚವೇ ಹೆಚ್ಚು.

ವಿದ್ಯುತ್ತಿನ ಲೆಕ್ಕ ಸರಳ, ಆದರೂ ತಪ್ಪುತ್ತದೆ. ‘100 ವ್ಯಾಟ್’ ಎಂದು ಬರೆದ ಹಬ್ ಅಷ್ಟನ್ನೂ ಲ್ಯಾಪ್‌ಟಾಪಿಗೆ ದಾಟಿಸುವುದಿಲ್ಲ. ತನಗೆಂದು ಹತ್ತು ಹದಿನೈದು ವ್ಯಾಟ್ ಇಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪಿನೊಡನೆ ಬಂದ 65 ವ್ಯಾಟಿನ ಚಾರ್ಜರನ್ನು ಹಬ್ಬಿನ ಮೂಲಕ ಜೋಡಿಸಿದರೆ ಯಂತ್ರಕ್ಕೆ ಸಿಗುವುದು ಸುಮಾರು 50. ಭಾರಿ ಕೆಲಸದ ಹೊತ್ತಿನಲ್ಲಿ ಚಾರ್ಜಿಗೆ ಹಾಕಿದ್ದರೂ ಬ್ಯಾಟರಿ ಇಳಿಯುವ ವಿಚಿತ್ರಕ್ಕೆ ಕಾರಣ ಇದು. ಕೇಬಲ್ ಕೂಡ ಮುಖ್ಯ: 60 ವ್ಯಾಟ್ ಮೀರಿದರೆ ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು. ಒಂದು ಬ್ರ್ಯಾಂಡಿನ ಡಾಕ್ ತನ್ನವರಿಗೆ ಹೆಚ್ಚು, ಪರರಿಗೆ ಕಡಿಮೆ ಕೊಡುವುದೂ ಉಂಟು. ಡೆಲ್‌ನ ಡಬ್ಲ್ಯುಡಿ19 ತನ್ನ ಲ್ಯಾಪ್‌ಟಾಪುಗಳಿಗೆ 130 ವ್ಯಾಟಿನವರೆಗೆ, ಉಳಿದವುಗಳಿಗೆ 90 ವ್ಯಾಟಿನವರೆಗೆ ಕೊಡುತ್ತದೆ.

ಇಷ್ಟೆಲ್ಲ ಹೇಳಿದ್ದು ದುಬಾರಿ ಥಂಡರ್‌ಬೋಲ್ಟ್ ಡಾಕನ್ನೇ ಕೊಳ್ಳಿರೆಂದಲ್ಲ. ಇನ್ನೂರರಿಂದ ನಾನೂರು ಡಾಲರ್ ಬೆಲೆಯ ಅಂತಹದ್ದು ವಿಡಿಯೊ ಸಂಕಲನಕಾರರಿಗೆ, ಎರಡು 4ಕೆ ಮಾನಿಟರ್ ಇಟ್ಟವರಿಗೆ ಸಾರ್ಥಕ. ಕೋಡ್ ಬರೆದು, ಮೀಟಿಂಗ್ ಮುಗಿಸಿ, ಸ್ಪ್ರೆಡ್‌ಶೀಟ್ ತುಂಬುವವರಿಗೆ ಐವತ್ತು ಅರವತ್ತು ಡಾಲರಿನ ಒಳ್ಳೆಯ ಹಬ್ ಸಾಕು. ನಾನು ಮಾತ್ರ ಎರಡು ಗುಣಗಳಲ್ಲಿ ರಾಜಿ ಮಾಡಿಕೊಳ್ಳಲಾರೆ. ಲ್ಯಾಪ್‌ಟಾಪಿಗೆ ಹೋಗುವ ತಂತಿ ಬಿಚ್ಚಿ ಬದಲಿಸುವಂತಿರಬೇಕು, ಏಕೆಂದರೆ ಮಡಚಿ ಮಡಚಿ ಮೊದಲು ಸಾಯುವುದು ಅದೇ. ಈಥರ್ನೆಟ್ ಪೋರ್ಟ್ ಇರಲೇಬೇಕು. ಯುಎಸ್‌ಬಿ 3 ಉಪಕರಣಗಳು 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿ ಮಾಡುತ್ತವೆಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿತ್ತು. ಹಬ್ ಜೋಡಿಸಿದೊಡನೆ ವೈರ್‌ಲೆಸ್ ಮೌಸ್ ತಡವರಿಸುವುದು, ವೈಫೈ ಕುಂಟುವುದು ಇದರಿಂದಲೇ ಇರಬಹುದು. ರೂಟರಿನಿಂದ ನೇರ ತಂತಿ ಎಳೆದರೆ ಇಂಟರ್ನೆಟ್ಟಿನ ಮಟ್ಟಿಗೆ ಆ ಗೋಜೇ ಇಲ್ಲ.

ತಂತಿಯ ಬೆಲೆ ಅರಿವಾಗುವುದು ಕೆಲಸ ಹೋದ ದಿನ. ಎಚ್-1ಬಿ ವೀಸಾದವರಿಗೆ ಕೆಲಸ ನಿಂತ ಮೇಲೆ ಇಲ್ಲಿರಲು ಸಿಗುವುದು ಗರಿಷ್ಠ 60 ದಿನ. ಐ-94 ಅವಧಿ ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಓದು ಮುಗಿಸಿ ಒಪಿಟಿಯಲ್ಲಿರುವ ಮಕ್ಕಳಿಗೆ ಕೆಲಸವಿಲ್ಲದೆ ಕಳೆಯಲು ಒಟ್ಟು 90 ದಿನ, ಸ್ಟೆಮ್ ವಿಸ್ತರಣೆ ಪಡೆದರೆ ಒಟ್ಟು 150. ಮಾತುಕತೆ, ಸಂದರ್ಶನ, ಕೋಡಿಂಗ್ ಪರೀಕ್ಷೆಗಳೆಲ್ಲ ನಡೆಯುವುದು ಮನೆಯ ಪರದೆಯ ಮುಂದೆ. ಅದೇ ಹೊತ್ತಿಗೆ ಕಂಪನಿಯ ಲ್ಯಾಪ್‌ಟಾಪೂ ಡಾಕೂ ರಟ್ಟಿನ ಡಬ್ಬಿಯಲ್ಲಿ ಹಿಂತಿರುಗಿ ಹೋಗಿರುತ್ತವೆ. ಉಳಿಯುವುದು ಊರಿನಿಂದ ತಂದ ಹಳೆಯ ಲ್ಯಾಪ್‌ಟಾಪ್. ಹೀಗಾಗಿ ಕಂಪನಿಯ ಯಂತ್ರಕ್ಕೆ ಹೊಂದುವ ಡಾಕ್ ಎಂದು ಮಾತ್ರ ಯೋಚಿಸದೆ, ಸ್ವಂತ ಯಂತ್ರಕ್ಕೂ ಹೊಂದುವ, ಸ್ವಂತ ಹಣದಲ್ಲಿ ಕೊಂಡ ಹಬ್ ಒಂದು ಮನೆಯಲ್ಲಿರಬೇಕೆಂದು ನಾನು ಒತ್ತಿ ಹೇಳುವೆ. ಸಂಬಳ ಬರುತ್ತಿರುವಾಗಲೇ ಅದನ್ನು ಕೊಂಡು, ಒಮ್ಮೆ ಜೋಡಿಸಿ, ಕ್ಯಾಮೆರಾ, ಮೈಕ್, ಮಾನಿಟರ್ ಮೂರೂ ಏಳುತ್ತವೆಯೇ ಎಂದು ನೋಡಿ ಕಪಾಟಿನಲ್ಲಿಡಲಿ. ಅರವತ್ತು ದಿನಗಳ ಎಣಿಕೆ ಶುರುವಾದ ಮೇಲೆ ಡಾಕಿನ ಸಂಶೋಧನೆಗೆ ಎರಡು ದಿನ ಕಳೆಯುವುದು ಯಾರಿಗೂ ಬೇಡ.

ಕೊಳ್ಳುವ ಜಾಗದ ವಿಷಯ ಒಂದೆರಡು ಮಾತು. ಇಲ್ಲಿಯ ವ್ಯಾಪಾರದಲ್ಲಿ ನಿಜವಾದ ಸೌಕರ್ಯ ಬೆಲೆಯದಲ್ಲ, ಹಿಂತಿರುಗಿಸುವ ಅವಕಾಶದ್ದು. ನಾರ್‌ಕ್ರಾಸ್‌ನಿಂದ ಹತ್ತಿರದ ಡುಲುತ್‌ನಲ್ಲಿ ಮೈಕ್ರೋ ಸೆಂಟರ್ ಅಂಗಡಿಯಿದೆ. ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಬರೆದುಕೊಂಡು ಹೋದರೆ ಕೇಳಿ ತಿಳಿದು ಕೊಳ್ಳಬಹುದು. ಮನೆಗೆ ತಂದ ದಿನವೇ ಎಲ್ಲ ಪೋರ್ಟುಗಳನ್ನೂ ಒಟ್ಟಿಗೆ ತುಂಬಿ ಒಂದು ಗಂಟೆ ವಿಡಿಯೊ ಕರೆ ನಡೆಸಿ ನೋಡಬೇಕು. ಹಬ್ ಬೆಚ್ಚಗಾಗುವುದು ಸಹಜ. ಮುಟ್ಟಲಾಗದಷ್ಟು ಸುಟ್ಟರೆ, ಮಾನಿಟರ್ ಮಿನುಗಿದರೆ, ಲ್ಯಾಪ್‌ಟಾಪ್ ನಿದ್ದೆಯಿಂದೆದ್ದಾಗ ಪರದೆ ಬರದಿದ್ದರೆ, ನಾಳೆ ಸರಿಹೋದೀತೆಂದು ಕಾಯದೆ ಹಿಂತಿರುಗಿಸುವುದೇ ಸರಿ. ರಸೀತಿ ಜೋಪಾನ.

ಊರಿನಲ್ಲಿ ಓದುತ್ತಿರುವ ತಂದೆತಾಯಿಯರಿಗೂ ಒಂದು ಮಾತಿದೆ. ಮಗನಿಗೆ ಏನನ್ನಾದರೂ ಕೊಟ್ಟೇ ಕಳುಹಿಸಬೇಕೆಂದರೆ, ಅಮೆರಿಕದ ಗೋಡೆಗೆ ಹೊಂದುವ ಪ್ಲಗ್ ಅಡಾಪ್ಟರ್ ಎರಡು ಕೊಡಿ, ಸಾಕು. ವಿಮಾನ ಇಳಿದ ರಾತ್ರಿ ಬೇಕಾಗುವುದು ಅದು. ಇಲ್ಲಿ 120 ವೋಲ್ಟ್, ನಮ್ಮಲ್ಲಿ 230. ಲ್ಯಾಪ್‌ಟಾಪಿನ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಎರಡೂ ಕಡೆ ನಡೆಯುತ್ತದೆ. ಮಗಳ ಮನೆಗೆ ಆರು ತಿಂಗಳಿಗೆಂದು ಬಂದು, ಅವಳು ಬಳಸಿಬಿಟ್ಟ ಡಾಕನ್ನು ಮೈಸೂರಿಗೋ ಶಿವಮೊಗ್ಗಕ್ಕೋ ಒಯ್ಯುವವರಿಗೂ ಇದೇ ಅನ್ವಯ. ಪವರ್ ಇಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಅದೇ ಅಂಕಿಗಳಿದ್ದರೆ ಇಟ್ಟಿಗೆ ಬದಲಿಸಬೇಕಿಲ್ಲ. ಇಟ್ಟಿಗೆಯಿಂದ ಗೋಡೆಗೆ ಹೋಗುವ ತಂತಿ ಬಿಚ್ಚಿಕೊಳ್ಳುವಂಥದ್ದಾದರೆ, ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ನಮ್ಮ ಮೂರು ಪಿನ್ನಿನ ತಂತಿಯೊಂದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ.