ಸಿ.ಟಿ. ಸ್ಕ್ಯಾನ್ ಅಂದ್ರೆ ನಾನ್ಯಾಕೆ ಮೂಗು ಮುರೀತೀನಿ

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಕೋಡ್ ಬರೆದು ಹೊಟ್ಟೆ ಹೊರೆಯೋ ಪ್ರಾಣಿ. ಯಂತ್ರಗಳ ಮೇಲೆ ದ್ವೇಷವೂ ಇಲ್ಲ. ಸಿ.ಟಿ. ಸ್ಕ್ಯಾನರ್ ಕಂಡುಹಿಡಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ನಮ್ಮ ಪಂಗಡದವನೇ, ಅಂದ್ರೆ ಇಂಜಿನಿಯರು :-) ಇ.ಎಂ.ಐ. ಕಂಪನಿಯಲ್ಲಿ ಕಂಪ್ಯೂಟರ್ ಕಟ್ಟುತ್ತಿದ್ದವನು 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದ. 1979ರಲ್ಲಿ ನೊಬೆಲ್ ಬಂತು. ತಲೆಬುರುಡೆ ಬಿಚ್ಚದೆ ಒಳಗೆ ಇಣುಕೋಕೆ ಅಂತ ಹುಟ್ಟಿದ ಯಂತ್ರ ಅದು. ಅದನ್ನ ಎರಡು ಬೆರಳು, ಒಂದು ಟಾರ್ಚಿನಿಂದ ಆಗೋ ಕೆಲಸಕ್ಕೆ ಹಚ್ಚೋದು ನೋಡಿದ್ರೆ ಮೈ ಉರಿಯುತ್ತೆ.

ಮೂಗಿಗೆ ಏಟು ಬಿದ್ದಾಗ ಇ.ಎನ್.ಟಿ. ಡಾಕ್ಟರಿಗೆ ಬೇಕಾಗಿರೋದು ತೀರಾ ಸರಳ. ಮೂಗು ಸೊಟ್ಟಗಾಗಿದೆಯಾ? ಮುಟ್ಟಿದರೆ ಮೂಳೆ ಅಲುಗುತ್ತಾ? ಎರಡೂ ಹೊಳ್ಳೆಗಳಲ್ಲಿ ಉಸಿರು ಆಡ್ತಿದೆಯಾ? ಒಳಗೆ ನಡುಗೋಡೆ ಊದಿಕೊಂಡಿದೆಯಾ? ಮೂಗು ಸೊಟ್ಟಗಾಗಿಲ್ಲ, ಉಸಿರಾಟ ಸರಿ ಇದೆ ಅಂದ್ರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಚಿಕಿತ್ಸೆ ಅದೇ: ಐಸ್, ನೋವಿನ ಮಾತ್ರೆ, ತಾಳ್ಮೆ. ಸೊಟ್ಟಗಾಗಿದ್ರೆ ಅದು ಕನ್ನಡಿಯಲ್ಲೇ ಕಾಣುತ್ತೆ. ಊತ ಇಳಿಯಲಿ ಅಂತ ಮೂರ್ನಾಲ್ಕು ದಿನ ಬಿಟ್ಟು ಮತ್ತೆ ನೋಡಿ, ದೊಡ್ಡವರಲ್ಲಾದ್ರೆ ಸಾಮಾನ್ಯವಾಗಿ ಎರಡು ವಾರ ತುಂಬೋದರೊಳಗೆ ನೇರ ಮಾಡ್ತಾರೆ. ಮಕ್ಕಳಲ್ಲಿ ಮೂಳೆ ಬೇಗ ಕೂಡೋದರಿಂದ ಇನ್ನೂ ಬೇಗ. ಹಾಗಾದ್ರೆ ಸ್ಕ್ಯಾನಿನ ಉತ್ತರ ಹೌದು ಅಂದ್ರೂ ಇಲ್ಲ ಅಂದ್ರೂ ಮುಂದಿನ ಹೆಜ್ಜೆ ಬದಲಾಗಲ್ಲ. ಎರಡೂ ಕಡೆ ಒಂದೇ ಸಾಲು ಓಡೋ if-else ಬರೆದ್ರೆ ನಮ್ಮ ಕೋಡ್ ರಿವ್ಯೂನಲ್ಲಿ ಏನಂತಾರೆ?

ದುಡ್ಡು ಹೋಗಲಿ ಬಿಡಿ, ನನ್ನ ನಿಜವಾದ ಸಿಟ್ಟು ಆ ನಡುಗೋಡೆಯ ವಿಷಯಕ್ಕೆ. ಏಟಿಗೆ ಕೆಲವೊಮ್ಮೆ ನಡುಗೋಡೆಯ ಮೃದ್ವಸ್ಥಿ ಮತ್ತು ಅದರ ಹೊದಿಕೆಯ ನಡುವೆ ರಕ್ತ ತುಂಬಿಕೊಳ್ಳುತ್ತೆ. ಮೃದ್ವಸ್ಥಿಗೆ ಸ್ವಂತ ರಕ್ತನಾಳ ಇಲ್ಲ, ಊಟ ಎಲ್ಲಾ ಆ ಹೊದಿಕೆಯಿಂದಲೇ. ರಕ್ತ ತೆಗೆಯದೆ ಬಿಟ್ರೆ ಕೆಲವೇ ದಿನಗಳಲ್ಲಿ ಅದು ಸಾಯುತ್ತೆ, ಕೀವಾಗಬಹುದು, ಕೊನೆಗೆ ಮೂಗಿನ ಬೆನ್ನು ಕುಸಿದು ಕುದುರೆ ಜೀನಿನ ಥರ ಆಗುತ್ತೆ. ಇದು ಅಪರೂಪ, ಆದ್ರೆ ತುರ್ತು. ಇದನ್ನ ಹಿಡಿಯೋಕೆ ಬೇಕಾಗಿರೋದು ಒಳಗೆ ಬೆಳಕು ಬಿಟ್ಟು ನೋಡೋ, ಮುಟ್ಟಿ ನೋಡೋ ವ್ಯವಧಾನ.

ನಮ್ಮ ಆಫೀಸಿನ ಹುಡುಗನೊಬ್ಬನಿಗೆ ಭಾನುವಾರದ ಕ್ರಿಕೆಟ್‌ನಲ್ಲಿ ಚೆಂಡು ಮೂಗಿಗೇ ಬಡೀತು. ದೊಡ್ಡ ಆಸ್ಪತ್ರೆಗೇ ಕರ್ಕೊಂಡು ಹೋದ್ವಿ, ಹೆಸರು ಬೇಡ. ಬಿಲ್ಲಿಂಗ್ ಕೌಂಟರು, ಸ್ಕ್ಯಾನ್ ರೂಮು, ಮತ್ತೆ ಕೌಂಟರು. ಮೂರು ಗಂಟೆ ಕಳೀತು, ಒಬ್ಬರೂ ಅವನ ಮೂಗಿನೊಳಗೆ ಇಣುಕಲಿಲ್ಲ. ಕೇಳಿದ್ರೆ "ರಿಪೋರ್ಟ್ ಬರಲಿ ಸರ್". ಮಾರನೇ ದಿನ ಬಡಾವಣೆಯ ಹಳೇ ಇ.ಎನ್.ಟಿ. ಡಾಕ್ಟರು ಎರಡೇ ನಿಮಿಷದಲ್ಲಿ ನೋಡಿ, "ರಕ್ತ ಕಟ್ಟಿಲ್ಲ, ಶುಕ್ರವಾರ ಬಾರಪ್ಪ" ಅಂದ್ರು. ಸಿ.ಡಿ.ಯನ್ನ ಕವರಿನಿಂದ ತೆಗೆಯಲೂ ಇಲ್ಲ.

ತಪ್ಪು ನಮ್ಮಂಥವರದ್ದೂ ಇದೆ ಅನ್ನೋರಿದ್ದಾರೆ. ಬರೀ ಮುಟ್ಟಿ ನೋಡಿ ಕಳಿಸಿದ್ರೆ "ಏನೂ ಮಾಡ್ಲೇ ಇಲ್ಲ ಈ ಡಾಕ್ಟ್ರು" ಅಂತ ಗೊಣಗೋದು ಯಾರು ಅಂತ. ನಿಜ. ಆದ್ರೆ ಅದಕ್ಕೆ ಮದ್ದು ವಿವರಿಸಿ ಹೇಳೋದು, ಸುರಂಗದೊಳಗೆ ಮಲಗಿಸೋದಲ್ಲ.

ಸ್ಕ್ಯಾನ್ ಬೇಕೇ ಬೇಕಾದ ಸಂದರ್ಭಗಳಿವೆ, ಅಲ್ಲಿ ನನ್ನ ತಕರಾರಿಲ್ಲ. ಮೂಗಿನಿಂದ ತಿಳಿನೀರು ಸೋರಿದ್ರೆ ಅದು ಮಿದುಳಿನ ಸುತ್ತಲಿನ ದ್ರವ ಇರಬಹುದು. ಎರಡೆರಡು ಕಾಣೋದು, ಹಲ್ಲು ಸರಿಯಾಗಿ ಕೂಡದಿರೋದು, ಕೆನ್ನೆ ಮರಗಟ್ಟೋದು, ಪ್ರಜ್ಞೆ ತಪ್ಪಿದ್ದು... ಇಲ್ಲೆಲ್ಲಾ ಮೂಗೊಂದೇ ಅಲ್ಲ, ಮುಖದ ಬೇರೆ ಮೂಳೆಗಳು ಅಥವಾ ತಲೆ ಕೆಟ್ಟಿರೋ ಅನುಮಾನ. ಅಲ್ಲಿ ಸಿ.ಟಿ.ಯೇ ರಾಜ. ಹಾಗಂತ ಅದರ ಬದಲು ಮಾಮೂಲಿ ಎಕ್ಸ್‌ರೇ ತೆಗೆಸೋದೂ ಜಾಣತನವಲ್ಲ. ಮೂಗಿನ ಮೂಳೆಯಲ್ಲಿ ಹುಟ್ಟಿನಿಂದಲೇ ಇರೋ ಗೆರೆಗಳು ಅದರಲ್ಲಿ ಬಿರುಕಿನ ಹಾಗೇ ಕಾಣ್ತವೆ, ಮೃದ್ವಸ್ಥಿಯಂತೂ ಕಾಣೋದೇ ಇಲ್ಲ.

ಇನ್ನೊಂದು ಕಾರಣ ನಮ್ಮ ದೇಶದ್ದೇ, ಅದು ಕಾನೂನು. ಹಳೇ ದಂಡ ಸಂಹಿತೆಯ 320ನೇ ಸೆಕ್ಷನ್ ಪ್ರಕಾರ ಮೂಳೆ ಮುರಿದ್ರೆ ಅದು ಗಂಭೀರ ಗಾಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 116ರಲ್ಲೂ ಹಾಗೇ ಇದೆ. ಜಗಳದಲ್ಲಿ ಗುದ್ದಿದವನಿಗೆ ಸಾಧಾರಣ ಗಾಯವಾದ್ರೆ ಒಂದು ವರ್ಷದವರೆಗೆ ಜೈಲು, ಗಂಭೀರ ಗಾಯವಾದ್ರೆ ಏಳು ವರ್ಷದವರೆಗೆ. ಅಂದ್ರೆ ಚಿಕಿತ್ಸೆಗೆ ಲೆಕ್ಕಕ್ಕಿಲ್ಲದ ಆ ಕೂದಲೆಳೆ ಬಿರುಕು ಪೊಲೀಸ್ ಸ್ಟೇಷನ್ನಿನಲ್ಲಿ ಆರು ವರ್ಷದ ಬೆಲೆಯದು! ಅಲ್ಲಿ ಸಾಕ್ಷಿಗೆ ಅಂತ ಸ್ಕ್ಯಾನ್ ತೆಗೆಸಲಿ. ಆದ್ರೆ ಚೀಟಿಯಲ್ಲಿ ಹಾಗೇ ಬರೆಯಲಿ, ಚಿಕಿತ್ಸೆ ಅಂತ ಹೆಸರು ಕೊಡೋದು ಬೇಡ. ಅದೂ ಅಲ್ಲದೆ ಮೂಗಿನ ಮೂಳೆ ಎಷ್ಟೋ ಸಲ ಗಟ್ಟಿಯಾಗಿ ಬೆಸೆದುಕೊಳ್ಳದೆ ನಾರಿನಿಂದ ಕೂಡಿಕೊಳ್ಳುತ್ತೆ, ಹಳೇ ಬಿರುಕು ವರ್ಷಗಟ್ಟಲೆ ಗೆರೆಯಾಗಿ ಉಳಿಯುತ್ತೆ. ಇದು ಮೊನ್ನೆಯ ಗುದ್ದಿಂದಲೋ ಹೈಸ್ಕೂಲಿನ ಕಬಡ್ಡಿಯಿಂದಲೋ ಅಂತ ತೀರ್ಮಾನಿಸೋಕೆ ಮೊದಲ ದಿನ ಡಾಕ್ಟರು ಕಂಡ ಊತ, ರಕ್ತ, ಮುಟ್ಟಿದಾಗಿನ ನೋವು ಬೇಕೇ ಬೇಕು. ಅದನ್ನ ಬರೆದಿಡದೆ ಬರೀ ಫಿಲ್ಮ್ ಲಗತ್ತಿಸಿದ್ರೆ ಎದುರು ಪಾರ್ಟಿ ವಕೀಲರು ಸುಮ್ಮನೆ ಬಿಡ್ತಾರಾ?

ಬ್ಲಾಗ್ ಬರೆಯೋ ಡಾಕ್ಟರುಗಳು ನಮ್ಮಲ್ಲಿ ಕೆಲವರಿದ್ದೀರಿ. ಇದನ್ನ ಒಪ್ಪದಿದ್ರೆ ಕಮೆಂಟಿನಲ್ಲಿ ಬೈಯಿರಿ, ಆದ್ರೆ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಬೈಯಿರಿ: ಕಳೆದ ಸಲ ಮೂಗಿಗೆ ಸ್ಕ್ಯಾನ್ ಬರೆದಾಗ, ಬರೆಯೋಕೆ ಮುಂಚೆ ಒಳಗೆ ಇಣುಕಿ ನೋಡಿದ್ರಾ?