ಎಣಿಸುವವರು ನಾವು, ಆಳುವವರು ಅವರೇ?

ಕಾಡಿನ, ನೀರಿನ ಲೆಕ್ಕವಿಡಲು ಜನರೂ ಕೈಜೋಡಿಸಬೇಕಂತೆ. ಆಗಲಿ, ಕೂಲಿಯಿಲ್ಲದ ಗುಮಾಸ್ತರಾಗಲು ಮಾತ್ರ ನಾವು ಒಪ್ಪೆವು. ಅಗರದ ಬಂಧುಗಳು ದೂರ ಹೋಗಬೇಕಿಲ್ಲ, ನಮ್ಮ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. 1974ರಲ್ಲಿ ಅದು ಅಭಯಾರಣ್ಯವಾಯಿತು. ಸೋಲಿಗರನ್ನು ಪೋಡುಗಳಿಂದ ಎಬ್ಬಿಸಿದರು, ಅವರ ತರಗುಬೆಂಕಿಯನ್ನು ನಿಲ್ಲಿಸಿದರು. ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬಂದಣಿಕೆ ಹತ್ತಿತು ಎಂದು ಸೋಲಿಗರು ಸಾರಿ ಸಾರಿ ಹೇಳಿದರು. ವಿಜ್ಞಾನಿಗಳೊಡನೆ ಕಾಡು ಸುತ್ತಿ ನೆಲ್ಲಿಯ ಇಳುವರಿಯನ್ನು ಅಂದಾಜು ಮಾಡಿಕೊಟ್ಟರು. ಸಿಕ್ಕ ಬಹುಮಾನವೇನು? 2006ರಲ್ಲಿ ನೆಲ್ಲಿ, ಜೇನು ಕೀಳುವುದಕ್ಕೇ ನಿಷೇಧ! 2011ರಲ್ಲಿ ಸಮುದಾಯ ಅರಣ್ಯ ಹಕ್ಕುಪತ್ರ ಕೈಗೆ ಬಂದದ್ದು ಲೆಕ್ಕದ ಪುಸ್ತಕ ತೋರಿಸಿದ್ದರಿಂದಲ್ಲ, ಸಂಘ ಕಟ್ಟಿ ಹೋರಾಡಿದ್ದರಿಂದ. ಗಿರಣಿಯ ಸಂಗಾತಿಗಳೇ, ಅಂಗಡಿಯ ಅಣ್ಣಂದಿರೇ, ನಾಳೆ ನಿಮ್ಮ ಮೋರಿಯ ನೀರನ್ನು ಸೀಸೆಯಲ್ಲಿ ಹಿಡಿದುಕೊಡಿ ಎಂದು ಯಾರಾದರೂ ಬಂದರೆ ಖಂಡಿತ ಕೊಡಿ. ಕೊಡುವ ಮುನ್ನ ಕೇಳಿ: ಇದರ ವರದಿ ಕನ್ನಡದಲ್ಲಿ ನಮ್ಮ ಗ್ರಾಮಸಭೆಯ ಮುಂದೆ ಬರುವುದು ಯಾವತ್ತು?